ಇಬ್ಬನಿ ಕುಡಿದ ಕೋಳಿಗಳು

ಶೆಡ್ಡಿನ ಚಾವಣಿಗೆ ಜೋಡಿಸಿದ್ದ ನೂರಾ ಇಪ್ಪತ್ತು ಸಣ್ಣ ಕೊಳವೆ ಮೂತಿಗಳು ಒಮ್ಮೆಗೇ ಉಸ್ಸೆಂದವು. ಬಿಳಿ ಮಂಜು ಇಳಿಯತೊಡಗಿತು. ಇಪ್ಪತ್ತು ಸಾವಿರ ಎಳೆಯ ಕೋಳಿಗಳು ಕತ್ತೆತ್ತಿ ನೋಡಿದವು, ಕಣ್ಣು ಪಿಳುಕಿಸಿದವು, ಕೆಲವು ತಲೆ ಕೊಡವಿ ಸೀನಿದವು. ನಾಲ್ಕು ನಿಮಿಷದಲ್ಲಿ ಮೂತಿಗಳು ಸುಮ್ಮನಾದವು. ಮಂಜು ಕರಗಿತು. ಏನೂ ನಡೆದೇ ಇಲ್ಲವೆಂಬಂತೆ ಕೋಳಿಗಳು ಮತ್ತೆ ಮೇವಿಗೆ ಕೊಕ್ಕು ಹಾಕಿದವು.

"ಪ್ರತಿ ಸಲಾನೂ ನೋಡ್ತೀನ್ರೀ ಡಾಕ್ಟ್ರೇ. ಪ್ರತಿ ಸಲಾನೂ ಇಷ್ಟೇನಾ ಅನ್ನಿಸ್ತೈತಿ," ಎಂದ ಫಾರಂನ ಮಾಲೀಕ ಜಂಬಣ್ಣ.

ಡಾ. ಸಿಂಚನಾ ಕುಂಬಾರ ನಕ್ಕಳು. ಆ ಮಂಜಿಗೆ 'ಇಬ್ಬನಿ' ಎಂದು ಹೆಸರಿಟ್ಟವಳೇ ಅವಳು. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು. ಒಂದೊಂದು ಹನಿಯೂ ಕೊಬ್ಬಿನ ತೆಳ್ಳನೆಯ ಪೊರೆ ಹೊದ್ದ ಲಸಿಕೆಯ ಕಣ. ಕೋಳಿ ಉಸಿರೆಳೆದುಕೊಂಡರೆ ಸಾಕು, ಕಣ ಶ್ವಾಸಕೋಶಕ್ಕೆ ಇಳಿದು, ಹಕ್ಕಿಜ್ವರದ ವೈರಸ್ಸು ಹೇಗಿರುತ್ತದೆಂದು ಮೈಗೆ ಪರಿಚಯ ಮಾಡಿಕೊಡುತ್ತಿತ್ತು. ಮುಂದೆ ನಿಜವಾದ ವೈರಸ್ಸು ಬಂದರೂ ಕೋಳಿ ಸಾಯುತ್ತಿರಲಿಲ್ಲ. ಫ್ರಿಜ್ಜು ಬೇಡ, ಸೂಜಿ ಬೇಡ. ಹಿಂದೆ ಇದೇ ಶೆಡ್ಡಿನಲ್ಲಿ ಒಂಬತ್ತು ಜನ ಮೂರು ದಿನ ಒಂದೊಂದೇ ಕೋಳಿಯನ್ನು ಹಿಡಿದು, ರೆಕ್ಕೆ ಮಡಿಸಿ, ತೊಡೆಗೆ ಚುಚ್ಚುತ್ತಿದ್ದರು. ಅಷ್ಟರಲ್ಲಿ ಎಷ್ಟೋ ಕೋಳಿಗಳು ಗಾಬರಿಯಿಂದಲೇ ಸಾಯುತ್ತಿದ್ದವು.

ಇದು 2056ರ ಮಾತು. ಹೊಸಪೇಟೆಯಿಂದ ಇಪ್ಪತ್ತು ಕಿಲೋಮೀಟರ್ ದೂರದ ಈ ಫಾರಂಗೆ ಸಿಂಚನಾ ಮೊದಲ ಬಾರಿ ಕಾಲಿಟ್ಟದ್ದು ಒಂಬತ್ತು ವರ್ಷಗಳ ಹಿಂದೆ, ಹಕ್ಕಿಜ್ವರ ಬಂದಾಗ. ಆಗ ಅವಳಿಗೆ ಮೂವತ್ತೆರಡು, ಸರಕಾರಿ ಪಶುವೈದ್ಯೆ. ಮೈತುಂಬ ಬಿಳಿ ಉಡುಪು ಹಾಕಿಕೊಂಡು, ಎರಡು ದಿನದಲ್ಲಿ ಅರವತ್ತು ಸಾವಿರ ಕೋಳಿಗಳನ್ನು ಕೊಲ್ಲಿಸಿ, ಶೆಡ್ಡಿನ ಹಿಂದೆ ಜೆಸಿಬಿಯಿಂದ ಗುಂಡಿ ತೋಡಿಸಿ ಹೂಳಿಸಿದ್ದಳು. ರೋಗ ತಗುಲಿದ್ದು ಒಂದು ಶೆಡ್ಡಿಗೆ. ಕೊಂದದ್ದು ಮೂರೂ ಶೆಡ್ಡಿನವನ್ನು. ಸುಣ್ಣ ಸುರಿದ ಮೇಲೂ ಗುಂಡಿಯೊಳಗಿನ ಮಣ್ಣು ಅಲ್ಲಲ್ಲಿ ಅಲುಗುತ್ತಿತ್ತು. ಜಂಬಣ್ಣ ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಬೇವಿನ ಮರದ ಕೆಳಗೆ ಕೂತುಬಿಟ್ಟಿದ್ದ. ಆವತ್ತೇ ಅವಳು ಇನ್ನೊಂದು ಗುಂಡಿ ತೋಡಿಸಲಾರೆ ಎಂದು ನಿರ್ಧರಿಸಿದ್ದು. ಕೆಲಸ ಬಿಟ್ಟು ಪ್ರಯೋಗಾಲಯ ಸೇರಿದಳು. ಮೂರೇ ವರ್ಷದಲ್ಲಿ ಇಬ್ಬನಿ ಸಿದ್ಧವಾಯಿತು. ಆಮೇಲೆ ಆರು ವರ್ಷ ದೇಶದ ಯಾವ ಫಾರಂನಲ್ಲೂ ಗುಂಡಿ ತೋಡಲಿಲ್ಲ. ನಲವತ್ತು ದೇಶಗಳು ಇಬ್ಬನಿಯನ್ನು ಕೊಂಡೊಯ್ದವು.

ಶೆಡ್ಡಿನ ನಿಯಮದಂತೆ ಸ್ನಾನ ಮಾಡಿ, ಬಟ್ಟೆ ಬದಲಿಸಿ ಇಬ್ಬರೂ ಗೇಟಿಗೆ ಬಂದಾಗ ಅಲ್ಲೊಬ್ಬ ಮುದುಕಿ ಕೂತಿದ್ದಳು. ಪಕ್ಕದಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಸತ್ತ ನಾಟಿ ಕೋಳಿಗಳು.

"ಯವ್ವಾ, ನೀನೇ ಏನು ಕೋಳಿ ಡಾಕ್ಟರು?" ಎಂದಳು ಮುದುಕಿ.

"ಹುಲಿಗೆಮ್ಮ ಅಂತ್ರೀ, ಕೆಳಗಿನ ಕೇರಿಯಾಕಿ," ಎಂದು ಜಂಬಣ್ಣ ಪರಿಚಯಿಸಿದ. "ಹಾವು ಗೀವು ಕಡಿದಿರಬೇಕು ಬಿಡಜ್ಜಿ. ಇಲ್ಲಾ ಯಾರೋ ಆಗದವರು ಏನಾರ ಹಾಕ್ಯಾರ."

"ಹನ್ನೊಂದಕ್ಕೂ ಒಂದೇ ಹಾವು ಕಡೀತೈತೇನಪ್ಪಾ?" ಎಂದಳು ಹುಲಿಗೆಮ್ಮ. "ಮುಂಜಾನೆ ಜೋಳ ಚೆಲ್ಲಿದೆ, ತಿಂದ್ವು. ಒಲಿ ಮುಂದ ರೊಟ್ಟಿಗೆ ಕುಂತೆ. ಎಂಟು ರೊಟ್ಟಿ ಬಡಿಯೋದ್ರಾಗ ಅಂಗಳದಾಗ ಒಂದೂ ನಿಂತಿರಲಿಲ್ಲ. ಕೂಗಲಿಲ್ಲ, ತೂಕಡಿಸಲಿಲ್ಲ. ಕೋಳಿಗೆ ಬರೋ ಕೊಕ್ಕರೆ ರೋಗ ಕಂಡೀನಿ ನಾನು, ಅದು ಹಿಂಗ ಕೊಲ್ಲಂಗಿಲ್ಲ."

ಸಿಂಚನಾ ಬಗ್ಗಿ ಒಂದು ಕೋಳಿಯ ರೆಪ್ಪೆ ಬಿಡಿಸಿ ನೋಡಿದಳು. ಜುಟ್ಟು ಕಪ್ಪಗೆ ನೀಲಿಗಟ್ಟಿತ್ತು. ಅವಳಿಗೂ ವಿಷವೇ ಎನ್ನಿಸಿತು. ಯಾವ ರೋಗಕ್ಕೂ ಇಷ್ಟು ಅವಸರ ಇರುವುದಿಲ್ಲ.

"ಹೊಸದಾಗಿ ಏನಾದರೂ ತಂದಿದ್ರಾ ಅಜ್ಜಿ, ಈ ವಾರದಲ್ಲಿ?"

"ಏನೂ ಇಲ್ಲವ್ವಾ. ಮೊನ್ನೆ ಈ ಶೆಡ್ಡಿಂದ ಒಂದು ಚೀಲ ಗೊಬ್ಬರ ಒಯ್ದೆ, ಸೊಪ್ಪಿನ ಮಡಿಗೆ. ಕೋಳಿ ಕೆದರಿದ್ವು."

ಮೂರು ಕೋಳಿಗಳನ್ನು ಚೀಲದಲ್ಲಿ ಭದ್ರವಾಗಿ ಕಟ್ಟಿಕೊಂಡು, ಉಳಿದವನ್ನು ಸುಟ್ಟುಹಾಕಲು ಹೇಳಿ ಸಿಂಚನಾ ಹೊರಟಳು.

ಪ್ರಯೋಗಾಲಯದಲ್ಲಿ ಅವಳ ಬಲಗೈಯಂತಿದ್ದವನು ಇಮ್ತಿಯಾಜ್. ಹನ್ನೆರಡು ವರ್ಷದಿಂದ ಅದೇ ಕೆಲಸದಲ್ಲಿದ್ದ ನಿಧಾನದ ಮನುಷ್ಯ. ಮಧ್ಯಾಹ್ನ ಮೂರಕ್ಕೆ ಅವನು ಫಲಿತಾಂಶದ ಹಾಳೆ ತಂದು ಅವಳ ಮುಂದಿಟ್ಟ.

ವಿಷವಲ್ಲ, ಹಕ್ಕಿಜ್ವರ. ಒಂದು ಹನಿ ರಕ್ತದಲ್ಲಿ ಅವರು ಹಿಂದೆಂದೂ ಎಣಿಸಿರದಷ್ಟು ವೈರಸ್ಸು. ಮೆದುಳು, ಯಕೃತ್ತು, ಹೃದಯ, ಎಲ್ಲೆಲ್ಲೂ. ವೈರಸ್ಸಿನ ವಂಶಾವಳಿಯನ್ನು ಓದುವ ಯಂತ್ರ ಅದರ ಪೂರ್ವಜ ಯಾರೆಂದೂ ಹೇಳಿತ್ತು: 2047ರಲ್ಲಿ ಜಂಬಣ್ಣನ ಶೆಡ್ಡಿಗೆ ಬಂದಿದ್ದ ಅದೇ ತಳಿ. ಆದರೆ ಆಗಿನದ್ದು ಕೋಳಿಯನ್ನು ಕೊಲ್ಲಲು ನಾಲ್ಕೈದು ದಿನ ತೆಗೆದುಕೊಳ್ಳುತ್ತಿತ್ತು.

"ಆರು ವರ್ಷದಿಂದ ಈ ತಳಿ ಎಲ್ಲೂ ಇಲ್ಲವಲ್ಲ," ಎಂದಳು ಸಿಂಚನಾ. "ಎಲ್ಲಿತ್ತು ಇದು?"

"ಇಲ್ಲ ಅಂತ ನಮಗೆ ಹೇಗೆ ಗೊತ್ತು ಮೇಡಂ?"

"ಎಲ್ಲೂ ಕೋಳಿ ಸತ್ತಿಲ್ಲ, ಅದಕ್ಕೆ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ತನ್ನ ಮಾತೇ ವಿಚಿತ್ರವಾಗಿ ಕೇಳಿಸಿತು.

ಮರುದಿನ ಬೆಳಿಗ್ಗೆ ಇಮ್ತಿಯಾಜ್ ಜಂಬಣ್ಣನ ಹಳೆಯ ಶೆಡ್ಡಿಗೆ ಹೋಗಿ, ಮೊಟ್ಟೆ ಇಡುತ್ತಿದ್ದ ನಲವತ್ತು ಕೋಳಿಗಳ ಗಂಟಲಿನಿಂದಲೂ ಹಿಂಭಾಗದಿಂದಲೂ ಹತ್ತಿಕಡ್ಡಿಯಲ್ಲಿ ದ್ರವ ಒರೆಸಿ ತಂದ. ಹೊಳೆಯುವ ಗರಿ, ಕೆಂಪು ಜುಟ್ಟು, ಚೆನ್ನಾಗಿ ಮೇಯುತ್ತಿದ್ದ ಕೋಳಿಗಳು. ನಲವತ್ತಕ್ಕೆ ನಲವತ್ತರಲ್ಲೂ ವೈರಸ್ಸಿತ್ತು.

"ಯಂತ್ರ ಕೆಟ್ಟಿದೆ," ಎಂದ ಇಮ್ತಿಯಾಜ್.

ಇನ್ನೊಂದು ಯಂತ್ರದಲ್ಲಿ ಹಾಕಿದರು. ಅಲ್ಲೂ ನಲವತ್ತು.

ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ಪ್ರಯೋಗಾಲಯದಲ್ಲಿ ಹೊರಗಿನ ಗಾಳಿಯೂ ಸೋಕದಂತೆ ಸಾಕಿದ, ಯಾವ ಲಸಿಕೆಯನ್ನೂ ಹಾಕದ ಕೋಳಿಗಳಿದ್ದವು. ಅವುಗಳಲ್ಲಿ ಹತ್ತನ್ನು ಗಾಜಿನ ಕೋಣೆಯೊಂದಕ್ಕೆ ಬಿಟ್ಟರು. ಅವುಗಳ ನಡುವೆ ಜಂಬಣ್ಣನ ಶೆಡ್ಡಿನ ಒಂದೇ ಒಂದು ಕೋಳಿಯನ್ನು ಬಿಟ್ಟರು. ಬಿಳಿಯ, ದಷ್ಟಪುಷ್ಟ ಕೋಳಿ. ಹೊಸ ಜಾಗವಾದರೂ ಹೆದರದೆ ನೇರ ಮೇವಿನ ತಟ್ಟೆಗೆ ನಡೆಯಿತು.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಇಮ್ತಿಯಾಜ್ ಕರೆದ. ಸಿಂಚನಾ ಗಾಜಿನ ಮುಂದೆ ಬಂದು ನಿಂತಾಗ ಒಂದು ಕೋಳಿ ಕಾಲು ಮಡಚಿ ಕೂತಿತ್ತು. ಅವಳು ನೋಡುತ್ತಿದ್ದಂತೆ ಅದರ ಕುತ್ತಿಗೆ ನಿಧಾನಕ್ಕೆ ನೆಲಕ್ಕಿಳಿಯಿತು. ಆಮೇಲೆ ಇನ್ನೊಂದು. ಆಮೇಲೆ ಮೂರು ಒಟ್ಟಿಗೆ, ನೀರು ಕುಡಿಯುತ್ತಿದ್ದವು ಕುಡಿಯುತ್ತಿದ್ದ ಕಡೆಯೇ. ಒಂದು ಹಾರಲು ನೋಡಿ ಗೋಡೆಗೆ ಬಡಿದು ಬಿತ್ತು. ನಾಲ್ಕು ಗಂಟೆಗೆ ಕೋಣೆಯಲ್ಲಿ ಹತ್ತು ಹೆಣ ಬಿದ್ದಿದ್ದವು.

ಬಿಳಿ ಕೋಳಿ ಅವುಗಳನ್ನು ದಾಟಿಕೊಂಡು ಓಡಾಡುತ್ತಿತ್ತು. ತಟ್ಟೆಯಲ್ಲಿ ಉಳಿದಿದ್ದ ಮೇವನ್ನು ಪೂರ್ತಿ ತಿಂದಿತು. ರೆಕ್ಕೆ ಕೊಡವಿತು. ಆಮೇಲೆ ಸತ್ತ ಎರಡು ಕೋಳಿಗಳ ನಡುವಿನ ಬೆಚ್ಚನೆಯ ಜಾಗ ಹುಡುಕಿ ಕೂತು, ಒಂದು ಮೊಟ್ಟೆಯಿಟ್ಟು ಎದ್ದು, ಎಲ್ಲ ಕೋಳಿಗಳಂತೆ ಖುಷಿಯಿಂದ ಕೊಕ್ಕೊಕ್ಕೋ ಎಂದಿತು.

ಇಮ್ತಿಯಾಜ್ ಗೋಡೆಗೆ ಒರಗಿ ಕೂತುಬಿಟ್ಟ. ಸಿಂಚನಾ ಕೈಯಲ್ಲಿದ್ದ ಹಾಳೆಯ ಮೇಲೆ ಹೊತ್ತು, ಸತ್ತವುಗಳ ಸಂಖ್ಯೆ ಬರೆದಳು.

ಅವಳಿಗೆ ಅರ್ಥವಾಗದ್ದು ಏನೂ ಉಳಿದಿರಲಿಲ್ಲ. ತೀರಾ ಉಗ್ರವಾದ ವೈರಸ್ಸು ತಾನು ಹೊಕ್ಕ ಹಕ್ಕಿಯನ್ನು ಬೇಗನೆ ಕೊಲ್ಲುತ್ತದೆ. ಸತ್ತ ಹಕ್ಕಿ ಮೇಯುವುದಿಲ್ಲ, ತಿರುಗುವುದಿಲ್ಲ, ರೋಗ ಹಂಚುವುದಿಲ್ಲ. ಹಾಗಾಗಿ ಉಗ್ರ ತಳಿಗಳು ತಾವು ಕೊಂದ ಹಕ್ಕಿಯ ಜೊತೆಗೇ ಮಣ್ಣಾಗುತ್ತಿದ್ದವು. ಇಬ್ಬನಿ ಆ ಕಟ್ಟನ್ನು ಒಡೆದಿತ್ತು. ಇಬ್ಬನಿ ಪಡೆದ ಕೋಳಿ ರೋಗದಿಂದ ಸಾಯುತ್ತಿರಲಿಲ್ಲ, ಆದರೆ ರೋಗವೂ ಅದರೊಳಗೆ ಸಾಯುತ್ತಿರಲಿಲ್ಲ. ವೈರಸ್ಸಿಗೆ, ತಾನು ಎಷ್ಟು ಉಗ್ರವಾದರೂ ಹೊತ್ತುಕೊಂಡು ತಿರುಗುವ ಗಟ್ಟಿ ಕೋಳಿ ಸಿಕ್ಕಿತ್ತು. ಆರು ವರ್ಷ, ಕೋಟ್ಯಂತರ ಕೋಳಿಗಳ ಹೊಟ್ಟೆಯಲ್ಲಿ, ಯಾರ ಕಣ್ಣಿಗೂ ಬೀಳದೆ ಅದು ಬೆಳೆದಿತ್ತು.

ಅವಳು ಹಳೆಯ ಕಡತ ತೆರೆದಳು. 2049ರ ಪ್ರಯೋಗದ ಯೋಜನೆಯಲ್ಲಿ ಎರಡು ಪ್ರಶ್ನೆಗಳಿದ್ದವು. ಲಸಿಕೆ ಪಡೆದ ಕೋಳಿ ಬದುಕುತ್ತದೆಯೇ? ಬದುಕಿದ ಕೋಳಿ ರೋಗವನ್ನು ಬೇರೆಯವಕ್ಕೆ ಹರಡುತ್ತದೆಯೇ? ಮೊದಲನೆಯದಕ್ಕೆ ಐದು ತಿಂಗಳು, ಎರಡನೆಯದಕ್ಕೆ ಎರಡು ವರ್ಷ ಬೇಕಿತ್ತು. ಎರಡನೆಯದರ ಎದುರಿಗೆ ಅವಳದೇ ಅಕ್ಷರದಲ್ಲಿ ಒಂದು ಟಿಪ್ಪಣಿ: 'ಬಿಡುಗಡೆಯ ನಂತರ ಮಾಡಬಹುದು.' ಕೆಳಗೆ ಅವಳದೇ ಸಹಿ. ಆ ವಾರ ಆಂಧ್ರದ ಗಡಿಯಲ್ಲಿ ಮತ್ತೆ ಗುಂಡಿ ತೋಡುತ್ತಿದ್ದರು. ಅವಳಿಗೆ ಅವಸರವಿತ್ತು. ಬಿಡುಗಡೆಯಾದ ಮೇಲೆ ಯಾರೂ ಕೇಳಲಿಲ್ಲ, ಅವಳೂ ಮರೆತಳು.

ಪ್ರಯೋಗಾಲಯದ ನಿರ್ದೇಶಕರಿಗೆ ಫೋನ್ ಮಾಡಿದಾಗ ಅವರು, "ಒಂದೇ ಕೋಣೆಯ ಪ್ರಯೋಗ ಇದು. ಇನ್ನೂ ಮೂರು ಕಡೆ ಖಾತ್ರಿ ಮಾಡಿಸೋಣ. ಆರು ತಿಂಗಳು. ಅಲ್ಲೀತನಕ ಹೊರಗೆ ಹೇಳಬೇಡಿ. ಜನ ಗಾಬರಿಯಾಗುತ್ತಾರೆ," ಎಂದರು.

"ಗಾಬರಿಯಾಗಬೇಕು ಸರ್," ಎಂದಳು ಸಿಂಚನಾ. "ಆರು ತಿಂಗಳಲ್ಲಿ ಇನ್ನೆರಡು ತಂಡ ಮರಿಗಳು ಶೆಡ್ಡಿಗೆ ಬರುತ್ತವೆ."

ಸಂಜೆಯೊಳಗೆ ಗಾಜಿನ ಕೋಣೆಯ ಚಿತ್ರ, ಅಂಕಿಅಂಶ, ತಾನು ಸಹಿ ಹಾಕಿದ ಆ ಹಾಳೆ, ಎಲ್ಲವನ್ನೂ ಇಬ್ಬನಿ ಬಳಸುತ್ತಿದ್ದ ಅಷ್ಟೂ ದೇಶಗಳ ಪ್ರಯೋಗಾಲಯಗಳಿಗೆ ಕಳಿಸಿದಳು.

ಮರುದಿನ ಜಂಬಣ್ಣನಿಗೆ ವಿಷಯ ಹೇಳಿದಾಗ ಆತ ಮೊದಲು ಕೇಳಿದ್ದು ತನ್ನ ಕೆಲಸಗಾರರ ಬಗ್ಗೆ. "ಮನುಷ್ಯರಿಗೆ ಬರ್ತೈತೇನ್ರೀ?"

"ಮೊನ್ನೆ ತಪಾಸಣೆ ಅಂತ ತೆಗೆದ ಎಲ್ಲರ ರಕ್ತಾನೂ ನೋಡಿದ್ದೇವೆ. ಯಾರಲ್ಲೂ ಇಲ್ಲ."

"ಮುಂದ?"

"ಮುಂದಿನದು ಹೇಳೋಕಾಗಲ್ಲ," ಎಂದಳು ಅವಳು. ಜಂಬಣ್ಣ ಶೆಡ್ಡಿನ ಕಡೆ ತಿರುಗಿದ. ಒಳಗಿನಿಂದ ಸಾವಿರಾರು ಕೋಳಿಗಳ ಒಂದೇ ಸಮನೆಯ ಗದ್ದಲ ಬರುತ್ತಿತ್ತು. "ಹಂಗಾರ ನಿಲ್ಲಿಸಿಬಿಡ್ರೀ ಆ ಮಂಜು. ನಾಳೆಯಿಂದ ಬ್ಯಾಡ."

"ನಿಲ್ಲಿಸೋಕಾಗಲ್ಲ ಜಂಬಣ್ಣ. ಮುಂದಿನ ತಿಂಗಳು ಬರುವ ಮರಿಗಳಿಗೆ ಮಂಜು ಕೊಡದೇ ಹೋದರೆ ಎರಡೇ ದಿನ ಬದುಕುತ್ತವೆ. ಇಲ್ಲಿ ಮಾತ್ರ ಅಲ್ಲ. ಎಲ್ಲ ಕಡೆ."

"ಕೊಟ್ರೆ?"

"ಅವು ಬದುಕುತ್ತವೆ. ರೋಗಾನೂ ಬದುಕುತ್ತೆ."

ಜಂಬಣ್ಣ ಅವಳನ್ನೇ ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ. ಮುಖ, ಬೆಂಕಿ ಬಿದ್ದ ಮನೆಯಿಂದ ಹೊರಗೆ ಬಂದವನ ಮುಖದಂತೆ ಖಾಲಿಯಾಗಿತ್ತು. "ಆವತ್ತು ಗುಂಡಿ ತೋಡಿಸ್ದಾಗ ಇದಕ್ಕಿಂತ ಕೆಟ್ಟದ್ದು ಇರಂಗಿಲ್ಲ ಅಂದ್ಕೊಂಡಿದ್ದೆ," ಎಂದ. "ಆವಾಗ ಮುಗಿದೈತಿ ಅಂತನಾದ್ರೂ ಗೊತ್ತಾಗ್ತಿತ್ತು."

ಕೆಳಗಿನ ಕೇರಿಗೆ ಅವಳು ಒಬ್ಬಳೇ ನಡೆದು ಹೋದಳು. ಹುಲಿಗೆಮ್ಮ ಖಾಲಿ ಅಂಗಳದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಸಿಂಚನಾ ಎದುರಿಗೆ ಕೂತು, ಏನನ್ನೂ ಮುಚ್ಚಿಡದೆ, ಆದಷ್ಟು ಸುಲಭದ ಮಾತಿನಲ್ಲಿ ಹೇಳಿದಳು. ಮುದುಕಿ ಕೈ ನಿಲ್ಲಿಸದೆ ಕೇಳಿದಳು.

"ಅಂದ್ರ, ನಿನ್ನ ಕೋಳಿ ಸಾಯಲಿಲ್ಲ ಅಂತ ನನ್ನ ಕೋಳಿ ಸತ್ವು?"

"ಹೌದಜ್ಜಿ."

"ಒಂದು ಮಾತು ಕೇಳಲೇನವ್ವಾ? ಈ ಹೊಲದ ಬದುವಿನಾಗ ಗೌಜಲ ಹಕ್ಕಿ ಇದ್ವು. ದಿನಾ ಮುಂಜಾನೆ ಒದರ್ತಿದ್ವು. ಎರಡು ವರ್ಷ ಆತು, ಒಂದೂ ಇಲ್ಲ. ಹಳ್ಳದ ದಂಡೀಲಿ ನವಿಲು ಸತ್ತು ಬಿದ್ದಿದ್ವು, ನಾನಽ ಎಣಿಸೀನಿ, ಏಳು. ನಿಮಗ ಯಾರೂ ಹೇಳಲಿಲ್ಲೇನು?"

ಸಿಂಚನಾ ತಲೆಯಲ್ಲಾಡಿಸಿದಳು. ನವಿಲುಗಳ ಸಾವಿನ ವರದಿ ಬೇರೆ ಇಲಾಖೆಗೆ ಹೋಗುತ್ತಿತ್ತು. ಗೌಜಲ ಹಕ್ಕಿಗಳ ಲೆಕ್ಕ ಯಾರೂ ಇಡುತ್ತಿರಲಿಲ್ಲ. ಆರು ವರ್ಷ ಅವಳು ಶೆಡ್ಡಿನೊಳಗಿನ ಸಾವುಗಳನ್ನಷ್ಟೇ ಎಣಿಸಿದ್ದಳು, ಸೊನ್ನೆ ಬಂದದ್ದಕ್ಕೆ ಸಂತೋಷಪಟ್ಟಿದ್ದಳು.

ಹುಲಿಗೆಮ್ಮ ಎದ್ದು ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. "ಕುಡಿ. ಮುಖ ಬಿಳಚೈತಿ ನಿಂದು," ಎಂದಳು. ಆಮೇಲೆ, ಬೈಯಲೂ ಇಲ್ಲ, ಕ್ಷಮಿಸಿದೆನೆಂದೂ ಹೇಳಲಿಲ್ಲ.

ಮೂರು ವಾರದಲ್ಲಿ ಉತ್ತರಗಳು ಬಂದವು. ಮೂವತ್ತೊಂದು ದೇಶಗಳಲ್ಲಿ ಆರೋಗ್ಯವಾಗಿರುವ ಕೋಳಿಗಳ ಹೊಟ್ಟೆಯಲ್ಲಿ ಅದೇ ವೈರಸ್ಸು. ಟೀವಿಗಳು ಗಾಜಿನ ಕೋಣೆಯ ಚಿತ್ರವನ್ನು ಮತ್ತೆ ಮತ್ತೆ ತೋರಿಸಿದವು. ಮೊಟ್ಟೆಯಿಟ್ಟ ಬಿಳಿ ಕೋಳಿಯನ್ನು ನೋಡಿ ಜನ ತಿಂಗಳುಗಟ್ಟಲೆ ಮೊಟ್ಟೆ ಮುಟ್ಟಲಿಲ್ಲ. ಹೊಸ ಕಾನೂನು ಬಂತು. ಹಿತ್ತಲಿನಲ್ಲಿ ಒಂದೇ ಕೋಳಿ ಸಾಕಿದರೂ ಮರಿಯೊಡೆದ ದಿನವೇ ಇಬ್ಬನಿ ಕೊಡಿಸಬೇಕು. ಹಳ್ಳಿಹಳ್ಳಿಗೆ ಕೈಯಲ್ಲಿ ಹಿಡಿಯುವ ಮಂಜಿನ ಯಂತ್ರ ಬಂತು. ಕಾವಿಗೆ ಕೂತ ಹೇಂಟೆಯ ಹತ್ತಿರ ಯಂತ್ರ ಹಿಡಿದು ಕಾಯುವುದು ಹೆಂಗಸರಿಗೆ ಇನ್ನೊಂದು ಕೆಲಸವಾಯಿತು. ವಿಚಾರಣಾ ಸಮಿತಿಯ ಮುಂದೆ ಸಿಂಚನಾ ತಾನು ಬರೆದ ಟಿಪ್ಪಣಿಯನ್ನು ತಾನೇ ಓದಿದಳು. ಅವಳನ್ನು ತೆಗೆದುಹಾಕಬೇಕೆಂದು ಕೆಲವರು ಹೇಳಿದರು. ಇದನ್ನು ಬಿಡಿಸಬಲ್ಲವರು ಬೇರೆ ಯಾರೂ ಇಲ್ಲವೆಂದು ಉಳಿಸಿಕೊಂಡರು. ರೋಗವನ್ನು ಹೊಟ್ಟೆಯೊಳಗೇ ಕೊಲ್ಲುವ ಇನ್ನೊಂದು ಲಸಿಕೆಯ ಕೆಲಸ ಶುರುವಾಯಿತು. ಅದಕ್ಕೆ ಎಷ್ಟು ವರ್ಷ ಬೇಕೆಂದು ಕೇಳಿದವರಿಗೆ ಅವಳು ಈ ಸಲ ಕಡಿಮೆ ಮಾಡಿ ಹೇಳಲಿಲ್ಲ.

ಎರಡು ವರ್ಷ ಕಳೆದ ಮೇಲೆ ಸಂಡೂರಿನ ಗುಡ್ಡಗಳಿಂದ ಒಂದು ಪತ್ರ ಬಂತು. ಬರೆದವನು ಓಬಳೇಶ ಎಂಬ ಅರಣ್ಯ ವೀಕ್ಷಕ. ಕಾಡುಕೋಳಿಗಳು ಮೂರು ತಿಂಗಳಿಂದ ಕೂಗಿಲ್ಲ, ಬಂದು ನೋಡಬೇಕು ಎಂದಿತ್ತು.

ಸಿಂಚನಾ ಮತ್ತು ಇಮ್ತಿಯಾಜ್ ಹೊರಟರು. ಕಾಡಿನ ಮೇಲೆಲ್ಲ ಡ್ರೋನಿನಿಂದ ಇಬ್ಬನಿ ಸುರಿಯಬೇಕೋ ಬೇಡವೋ ಎಂಬುದನ್ನು ಅವಳು ನೋಡಿ ತಿಳಿಸಬೇಕಿತ್ತು. ಸುರಿದರೆ ಉಳಿದಿರಬಹುದಾದ ಕಾಡುಕೋಳಿಗಳು ಬದುಕಿಯಾವು. ಆದರೆ ಆಮೇಲೆ ಹುಟ್ಟುವ ಒಂದೊಂದು ಮರಿಗೂ, ಪ್ರತಿ ವರ್ಷ, ಕಾಡಿರುವ ತನಕ ಸುರಿಯುತ್ತಲೇ ಇರಬೇಕು. ಸುರಿಯದಿದ್ದರೆ ಏನೆಂದು ಗಾಜಿನ ಕೋಣೆ ಆಗಲೇ ತೋರಿಸಿತ್ತು.

ಎರಡು ಬೆಳಗು ಮೂವರೂ ಬಂಡೆಯ ಮೇಲೆ ಕೂತು ಕಿವಿಗೊಟ್ಟರು. ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಮೂರನೆಯ ಬೆಳಿಗ್ಗೆ, ಬಿಸಿಲು ಎದುರಿನ ಗುಡ್ಡದ ನೆತ್ತಿಗೆ ತಾಗಿದ ಹೊತ್ತಿಗೆ, ಕಣಿವೆಯಾಚೆಯಿಂದ ಒಂದು ಹುಂಜ ಕೂಗಿತು. ಸೀಳಿದಂತಹ, ಒರಟು, ಕಾಡಿನ ಕೂಗು.

"ಐತ್ರೀ ಮೇಡಂ! ಬದುಕೈತಿ!" ಓಬಳೇಶ ಎದ್ದೇ ನಿಂತ. ಅವನ ಕಣ್ಣು ತುಂಬಿ ಬಂದಿತ್ತು.

ಇಮ್ತಿಯಾಜ್‌ನ ಮುಖದಲ್ಲಿ ಮೂಡತೊಡಗಿದ್ದ ನಗು ಅವನು ಸಿಂಚನಾಳ ಕಡೆ ತಿರುಗಿದ್ದೇ ನಿಂತುಹೋಯಿತು. ಸುತ್ತಲಿನ ಎಲ್ಲ ಕೋಳಿಗಳೂ ಸತ್ತ ಕಾಡಿನಲ್ಲಿ ಇದೊಂದು ಬದುಕಿದೆ. ರೋಗ ಇದರ ಹತ್ತಿರ ಇನ್ನೂ ಬಂದಿಲ್ಲ, ಅದಕ್ಕೇ ಬದುಕಿರಬಹುದು. ಇಲ್ಲವೇ, ಅಂಚಿನ ಹಳ್ಳಿಗಳಲ್ಲಿ ಹಾಯಿಸಿದ ಮಂಜು ಗಾಳಿಯಲ್ಲಿ ಇಲ್ಲಿಗೂ ತೇಲಿ ಬಂದಿದ್ದು, ಈ ಹುಂಜ ರೋಗವನ್ನು ಹೊತ್ತುಕೊಂಡೇ ತಿರುಗುತ್ತಿರಬಹುದು. ಕೂಗಿನಿಂದ ಅದು ತಿಳಿಯುವಂತಿರಲಿಲ್ಲ.

ಹುಂಜ ಮತ್ತೆ ಕೂಗಿತು, ಈ ಸಲ ಇನ್ನೂ ಹತ್ತಿರದಿಂದ. ಸಿಂಚನಾಳ ಮೈ ಜುಮ್ಮೆಂದಿತು. ಅವಳು ಹುಟ್ಟಿದ್ದು 2015ರಲ್ಲಿ. ಆ ಕಾಲದಲ್ಲಿ ಕೋಳಿ ಕೂಗಿದರೆ ಬೆಳಗಾಯಿತು ಎಂದಷ್ಟೇ ಅರ್ಥವಿತ್ತು. ಜನ ಇನ್ನೊಂದು ಮಗ್ಗುಲಿಗೆ ಹೊರಳಿ ಮಲಗುತ್ತಿದ್ದರು. ಅದನ್ನು ಕೇಳಿ ಯಾರೂ ಹೆದರುತ್ತಿರಲಿಲ್ಲ.

"ಚೀಲದಿಂದ ಬಲೆ ತೆಗೀರಿ ಇಮ್ತಿಯಾಜ್. ಹಿಡಿದು ಪರೀಕ್ಷೆ ಮಾಡಬೇಕು," ಎಂದಳು, ಕೈಗವಸು ಹಾಕಿಕೊಳ್ಳುತ್ತ.